ಪರದೇಶದಲ್ಲಿ ನಮ್ಮೂರ ರುಚಿ: ಮೊದಲು ಅಡುಗೆಯವರು ಯಾರೆಂದು ಕೇಳಿ

ಪ್ರಶ್ನೆ: ನಾನು ಬೆಂಗಳೂರಿನ ಹನುಮಂತನಗರದವನು. ಕೆಲಸದ ಮೇಲೆ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಎಂಟು ತಿಂಗಳಾಯಿತು. ನಾನೂ ನನ್ನ ಹೆಂಡತಿಯೂ ಸಸ್ಯಾಹಾರಿಗಳು. ಇಲ್ಲಿಯವರೆಗೆ ಏಳು ಇಂಡಿಯನ್ ರೆಸ್ಟೋರೆಂಟ್‌ಗಳಿಗೆ ಹೋಗಿದ್ದೇವೆ. ಹೆಸರು ಬೇರೆ ಬೇರೆ, ರುಚಿ ಒಂದೇ: ಸಿಹಿ, ಕೆನೆ, ಗೋಡಂಬಿ. ‘ಖಾರ ಇರಲಿ’ ಎಂದರೆ ಹಸಿ ಮೆಣಸಿನಪುಡಿಯ ವಾಸನೆ. 14 ಯೂರೋ ಕೊಟ್ಟು ತಿಂದ ಮಸಾಲೆ ದೋಸೆ ಬಿಳಿಚಿಕೊಂಡು ರಟ್ಟಿನಂತಿತ್ತು. ಆ ಹೋಟೆಲಿಗೆ ಅಂತರ್ಜಾಲದಲ್ಲಿ ಐದಕ್ಕೆ 4.6 ಅಂಕಗಳಿವೆ. ಭಾರತೀಯರು ಹೋಗುವ ಕಡೆ ಊಟ ಚೆನ್ನಾಗಿರುತ್ತದೆ ಎಂಬ ಮಾತನ್ನೂ ನಂಬಿ ನೋಡಿದೆವು, ಪ್ರಯೋಜನವಾಗಲಿಲ್ಲ. ಮೇ ತಿಂಗಳಲ್ಲಿ ಅಪ್ಪ ಅಮ್ಮ ಮೂರು ತಿಂಗಳ ಮಟ್ಟಿಗೆ ಬರುತ್ತಿದ್ದಾರೆ. ಅಪ್ಪನಿಗೆ ಸಕ್ಕರೆ ಕಾಯಿಲೆ. ಅಮ್ಮ ಶನಿವಾರ ಮತ್ತು ಹಬ್ಬದ ದಿನ ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ. ಇಲ್ಲಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮನೆಯಡುಗೆ ಮಾಡಿ ಮಾರುವವರಿದ್ದಾರೆ. ಅವರನ್ನು ನಂಬಬಹುದೇ? ಒಳ್ಳೆಯ ಹೋಟೆಲನ್ನು ಗುರುತಿಸುವ ದಾರಿ ಏನಾದರೂ ಇದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳಿವೆ. ಏಳು ಕಡೆ ತಿಂದರೂ ನಾಲಗೆಗೆ ಊರಿನ ರುಚಿ ಸಿಗಲಿಲ್ಲ ಎಂಬ ಬೇಸರ ಒಂದು. ವಯಸ್ಸಾದ ತಂದೆ ತಾಯಿ ಬಂದಾಗ ಏನು ಉಣಬಡಿಸುವುದು ಎಂಬ ಕಳವಳ ಇನ್ನೊಂದು. ಎರಡನೆಯದೇ ದೊಡ್ಡದು. ಆದರೆ ಮೊದಲನೆಯದರ ಗಂಟು ಬಿಡಿಸದೆ ಅಲ್ಲಿಗೆ ಹೋಗಲಾಗದು.

ನಿಮ್ಮನ್ನೊಂದು ಮಾತು ಕೇಳುತ್ತೇನೆ. ಹನುಮಂತನಗರದಲ್ಲಿದ್ದಾಗ ‘ಇವತ್ತು ಇಂಡಿಯನ್ ಹೋಟೆಲಿಗೆ ಹೋಗೋಣ’ ಎಂದು ಎಂದಾದರೂ ಹೇಳಿದ್ದಿರಾ? ದೋಸೆ ಬೇಕಾದರೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ, ಇಡ್ಲಿ ಚಟ್ನಿಗೆ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್, ರವೆ ಇಡ್ಲಿಗೆ ಲಾಲ್‌ಬಾಗ್ ರಸ್ತೆಯ ಎಂಟಿಆರ್, ಜೋಳದ ರೊಟ್ಟಿಗೆ ಯಾವುದಾದರೂ ಖಾನಾವಳಿ, ಮಾಂಸ ತಿನ್ನುವ ಗೆಳೆಯರಿದ್ದರೆ ಮುದ್ದೆ ಊಟಕ್ಕೆ ಮಿಲಿಟರಿ ಹೋಟೆಲು. ಒಂದೊಂದು ತಿನಿಸಿಗೆ ಒಂದೊಂದು ಅಡುಗೆಮನೆ, ಒಂದೊಂದು ಕೈ. ವಿಮಾನ ಹತ್ತಿ ಇಳಿದ ಕೂಡಲೇ ನಾವು ಈ ಜಾಣ್ಮೆಯನ್ನು ಮರೆಯುತ್ತೇವೆ. ಬಾಗಿಲ ಮೇಲೆ ತಾಜ್ ಮಹಲಿನ ಚಿತ್ರ ಕಂಡರೆ ಸಾಕು, ಒಳಗೆ ಹೋಗಿ ಮಸಾಲೆ ದೋಸೆ ಕೇಳುತ್ತೇವೆ. ಹೋಟೆಲ್ ಅಡುಗೆಮನೆಗಳಲ್ಲಿ ನಾನು ಕಳೆದಿರುವುದು 30 ವರ್ಷ, ಅದರಲ್ಲಿ ಆರು ವರ್ಷ ಲಂಡನ್‌ನಲ್ಲಿ, ಐದು ವರ್ಷ ಫ್ರಾಂಕ್‌ಫರ್ಟ್ ಬಳಿ. ಈಗ ಜಯನಗರದಲ್ಲಿ ಹೊರದೇಶಕ್ಕೆ ಹೋಗುವ ಅಡುಗೆಯವರಿಗೆ ತರಬೇತಿ ಕೊಡುತ್ತೇನೆ. ಆ ಅನುಭವದಿಂದ ನಿಮಗೆ ಹೇಳಬೇಕಾದದ್ದು ಇಷ್ಟೇ: ಫಲಕ ನೋಡಿ ಹೋಗಬೇಡಿ, ಒಲೆಯ ಮುಂದೆ ನಿಂತಿರುವವರು ಯಾವ ಊರಿನವರು ಎಂದು ತಿಳಿದುಕೊಂಡು ಹೋಗಿ. ಅವರ ಕೈಗೆ ಯಾವುದು ಒಗ್ಗಿದೆಯೋ ಅದನ್ನೇ ಕೇಳಿ.

ಎಲ್ಲ ಕಡೆ ಒಂದೇ ರುಚಿ ಏಕೆ? ಇದಕ್ಕೆ ಒಂದು ಚರಿತ್ರೆ ಇದೆ. ಹೊರಗಿನ ಜಗತ್ತು ‘ಭಾರತೀಯ ಅಡುಗೆ’ ಎಂದು ಕರೆಯುವುದರ ಬಹುಪಾಲು, ದೇಶವಿಭಜನೆಯ ನಂತರ ದೆಹಲಿಯಲ್ಲಿ ಬೆಳೆದ ಹೋಟೆಲ್ ಅಡುಗೆ. ಪೇಶಾವರದಿಂದ ಬಂದವರು ದೆಹಲಿಯಲ್ಲಿ ನಡೆಸಿದ ಮೋತಿ ಮಹಲ್ ಹೋಟೆಲು ತಂದೂರಿ ಕೋಳಿಯನ್ನೂ ಬೆಣ್ಣೆ ಟೊಮೆಟೊ ಗ್ರೇವಿಯನ್ನೂ ಹೆಸರುವಾಸಿ ಮಾಡಿತು. ಬ್ರಿಟನ್ನಿನ ಕಥೆ ಇದಕ್ಕಿಂತ ಹಳೆಯದು. ದೀನ್ ಮಹಮ್ಮದ್ ಎಂಬಾತ ಲಂಡನ್‌ನಲ್ಲಿ 1810ರಲ್ಲೇ ‘ಹಿಂದೂಸ್ತಾನಿ ಕಾಫಿ ಹೌಸ್’ ತೆರೆದಿದ್ದ. ಅಲ್ಲಿನ ವೀರಸ್ವಾಮಿ ರೆಸ್ಟೋರೆಂಟ್ ಶುರುವಾದದ್ದು 1926ರಲ್ಲಿ. ಆಮೇಲೆ ಊರೂರಿನಲ್ಲಿ ‘ಕರಿ ಹೌಸ್’ ತೆರೆದವರಲ್ಲಿ ಹೆಚ್ಚಿನವರು ಇಂದಿನ ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು. ಇಂಗ್ಲಿಷ್ ಗಿರಾಕಿಗೆ ಅರ್ಥವಾಗಲೆಂದು ಅವರು ಖಾರಕ್ಕೊಂದು ಅಳತೆಗೋಲು ಮಾಡಿದರು. ಸಪ್ಪೆಯದು ಕೂರ್ಮಾ, ಖಾರದ್ದು ಮದ್ರಾಸ್, ಅದಕ್ಕೂ ಮೇಲೆ ವಿಂದಾಲೂ. ಆ ‘ಮದ್ರಾಸ್’ ಚೆನ್ನೈಯ ಯಾವ ಮನೆಯಲ್ಲೂ ಬೇಯುವುದಿಲ್ಲ, ಗೋವಾದ ವಿಂದಾಲೂ ಕೂಡ ಅದಲ್ಲ. ನಿಮ್ಮ ಜರ್ಮನಿಯ ಮೆನುವಿನಲ್ಲಿ ಇವೇ ಹೆಸರುಗಳು ಕಂಡರೆ, ಆ ಪಟ್ಟಿ ದೆಹಲಿ ಮತ್ತು ಲಂಡನ್ ಸುತ್ತಿಕೊಂಡು ಬಂದದ್ದು ಎಂದು ತಿಳಿಯಿರಿ. ಅದರಲ್ಲಿ ಬಸವನಗುಡಿ ಎಲ್ಲಿಂದ ಬರಬೇಕು?

ಇನ್ನು ಆ ಸಿಹಿ ಮತ್ತು ಕೆನೆಯ ಗುಟ್ಟು. ಬೆಳಿಗ್ಗೆ ಹತ್ತು ಗಂಟೆಗೆ ಅಂಥ ಅಡುಗೆಮನೆಯೊಳಗೆ ಹೋದರೆ ಮೂರು ದೊಡ್ಡ ಪಾತ್ರೆಗಳು ಕಾಣುತ್ತವೆ. ಒಂದರಲ್ಲಿ ಈರುಳ್ಳಿ ಟೊಮೆಟೊ ಬಾಡಿಸಿದ ಮಸಾಲೆ, ಕಸುಬಿನವರು ಇದಕ್ಕೆ ಚಾಪ್ ಮಸಾಲಾ ಎನ್ನುತ್ತಾರೆ. ಇನ್ನೊಂದರಲ್ಲಿ ಟೊಮೆಟೊ, ಬೆಣ್ಣೆಯ ಮಖನಿ ಗ್ರೇವಿ. ಮೂರನೆಯದು ಗೋಡಂಬಿ ಅಥವಾ ಕರಬೂಜದ ಬೀಜ ರುಬ್ಬಿದ ಬಿಳಿ ಗ್ರೇವಿ. ಸಂಜೆ ಚೀಟಿ ಬಂದಂತೆ ಬಾಣಲೆಗೆ ಎಣ್ಣೆ, ಇದರದೊಂದು ಸೌಟು, ಅದರದೊಂದು ಸೌಟು, ಪನೀರೋ ಆಲೂಗಡ್ಡೆಯೋ, ಮೇಲೆ ಕೆನೆ, ಕಸೂರಿ ಮೇಥಿ. ನಾಲ್ಕು ನಿಮಿಷದಲ್ಲಿ ತಟ್ಟೆ ಹೊರಗೆ. 120 ಬಗೆಯ ಪಟ್ಟಿ ಹಾಗೆ ಹುಟ್ಟುತ್ತದೆ. ಇದು ಮೋಸವಲ್ಲ. ಬೆಂಗಳೂರಿನ ಉತ್ತರ ಭಾರತೀಯ ಹೋಟೆಲುಗಳಲ್ಲೂ ನಡೆಯುವುದು ಇದೇ ಕ್ರಮ. ಕೈ ಒಳ್ಳೆಯದಿದ್ದರೆ ಇದೇ ಮೂರು ಪಾತ್ರೆಗಳಿಂದ ರುಚಿಯಾದ ಊಟವೂ ಬರುತ್ತದೆ.

‘ಖಾರ ಇರಲಿ’ ಎಂದರೆ ಹಸಿ ವಾಸನೆ ಬಂದದ್ದಕ್ಕೆ ಕಾರಣವೂ ಈಗ ನಿಮಗೆ ಹೊಳೆದಿರಬೇಕು. ಗ್ರೇವಿ ಬೆಳಿಗ್ಗೆಯೇ ಬೆಂದು ಮುಗಿದಿದೆ. ಸಂಜೆ ಖಾರ ಸೇರಿಸುವುದೆಂದರೆ ಕುದಿಯುವ ಬಾಣಲೆಗೆ ಒಂದು ಚಮಚ ಮೆಣಸಿನಪುಡಿ ಉದುರಿಸುವುದು, ಅಷ್ಟೇ. ಅದು ಎಣ್ಣೆಯಲ್ಲಿ ಬಾಡುವಷ್ಟು ಹೊತ್ತು ಯಾರಿಗೂ ಇಲ್ಲ. ಖಾರವಿದ್ದರೆ ಅಪ್ಪಟ ಎಂಬ ನಂಬಿಕೆಯನ್ನೂ ಬಿಡಿ. ನಮ್ಮ ಹಾವೇರಿಯ ಬ್ಯಾಡಗಿ ಮೆಣಸಿನಕಾಯಿ ಹೆಸರಾದದ್ದು ಬಣ್ಣಕ್ಕೆ, ಅದರ ಖಾರ ಕಡಿಮೆ. ನಮ್ಮ ಸಾರು, ಹುಳಿ, ಗೊಜ್ಜುಗಳ ಜೀವ ಹುರಿದ ಕೊತ್ತಂಬರಿ ಬೀಜದಲ್ಲಿ, ಮೆಂತ್ಯದಲ್ಲಿ, ಇಂಗಿನ ಒಗ್ಗರಣೆಯಲ್ಲಿದೆ. ಆದ್ದರಿಂದ ‘ಖಾರ ಹೆಚ್ಚಿಸಿ’ ಎನ್ನುವ ಬದಲು ‘ಹಸಿಮೆಣಸಿನಕಾಯಿ ಸೀಳಿ ಒಗ್ಗರಣೆ ಕೊಡುತ್ತೀರಾ, ಕೆನೆ ಬೇಡ’ ಎಂದು ಕೇಳಿ ನೋಡಿ. ಒಗ್ಗರಣೆಯ ಮಾತು ಕಿವಿಗೆ ಬಿದ್ದಾಗ ಎಷ್ಟೋ ಅಡುಗೆಯವರ ಮುಖ ಅರಳಿದ್ದನ್ನು ನಾನು ಕಂಡಿದ್ದೇನೆ.

4.6 ಅಂಕ ಸುಳ್ಳಲ್ಲ. ಅದನ್ನು ಕೊಟ್ಟವರು ಕೇಳಿದ್ದು ಬೇರೆ. ಅವರಿಗೆ ಬೇಕಾದದ್ದು ಸೌಮ್ಯವಾದ ರುಚಿ, ನಗುಮುಖದ ಸೇವೆ, ಮಾವಿನ ಲಸ್ಸಿ. ಅದು ಸಿಕ್ಕಿದೆ, ಅಂಕ ಕೊಟ್ಟಿದ್ದಾರೆ. ನೀವು ಅಂಕ ಬಿಟ್ಟು ವಿಮರ್ಶೆಗಳ ಒಳಗೆ ಹುಡುಕಿ. ಸಾಂಬಾರ್, ರಸಂ, ಪೊಂಗಲ್, ಫಿಲ್ಟರ್ ಕಾಫಿ ಎಂಬ ಪದಗಳು ಬರುತ್ತವೆಯೇ ನೋಡಿ. ಗಿರಾಕಿಗಳೇ ತೆಗೆದ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿ. ತೆಂಗಿನಕಾಯಿ ಚಟ್ನಿಯ ಮೇಲೆ ಸಾಸಿವೆ, ಕರಿಬೇವು ತೇಲುತ್ತಿವೆಯೇ? ಸಾಂಬಾರಿನಲ್ಲಿ ನುಗ್ಗೆಯೋ ಕುಂಬಳವೋ ಇದೆಯೇ, ಇಲ್ಲವೇ ಹೆಪ್ಪುಗಟ್ಟಿಸಿ ಮಾರುವ ಬಟಾಣಿ, ಬೀನ್ಸ್, ಕ್ಯಾರೆಟ್ ಮಿಶ್ರಣವೇ? ಆ ಮಿಶ್ರಣ ಕಂಡರೆ ನಾನಂತೂ ಆ ಕಡೆ ಹೋಗುವುದಿಲ್ಲ.

ಭಾರತೀಯರು ಹೋಗುವ ಕಡೆ ಊಟ ಚೆನ್ನಾಗಿರುತ್ತದೆ ಎಂಬುದು ಅರ್ಧ ನಿಜ. ಯಾವ ಭಾರತೀಯರು, ಯಾವ ಹೊತ್ತಿನಲ್ಲಿ ಎಂಬುದು ಮುಖ್ಯ. ವಾರದ ಮಧ್ಯಾಹ್ನ ಕಚೇರಿಯ ಹುಡುಗರು ತುಂಬಿಕೊಂಡಿದ್ದರೆ ಅವರನ್ನು ಕರೆತಂದದ್ದು ಬಹುಶಃ ಮಧ್ಯಾಹ್ನದ ಅಗ್ಗದ ಮೆನು. ಭಾನುವಾರ ಮಧ್ಯಾಹ್ನ ಅಜ್ಜಿ, ತಾತ, ಕೂಸುಗಳೊಂದಿಗೆ ಕುಟುಂಬಗಳು ಬರುತ್ತಿದ್ದರೆ, ಅದೂ ದೂರದ ಊರುಗಳಿಂದ ರೈಲು ಹಿಡಿದು ಬರುತ್ತಿದ್ದರೆ, ಆ ಅಡುಗೆಮನೆಯಲ್ಲಿ ಏನೋ ಇದೆ.

ದೋಸೆಯ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ನನಗೆ ಬರುವ ದೂರುಗಳಲ್ಲಿ ಅರ್ಧ ದೋಸೆಯದೇ. ದೋಸೆ ಹಿಟ್ಟು ಹುದುಗುವುದು ಅಕ್ಕಿ ಉದ್ದಿನಲ್ಲೇ ಇರುವ ಸೂಕ್ಷ್ಮಜೀವಿಗಳಿಂದ. ಅವಕ್ಕೆ ಹಿತವಾದ ಬಿಸಿ ಸುಮಾರು 28ರಿಂದ 32 ಡಿಗ್ರಿ. ಬೆಂಗಳೂರಿನ ಡಿಸೆಂಬರಿನಲ್ಲೇ ನಮ್ಮ ತಾಯಂದಿರು ಹಿಟ್ಟಿನ ಪಾತ್ರೆಗೆ ಕಂಬಳಿ ಸುತ್ತಿಡುತ್ತಾರೆ. 18 ಡಿಗ್ರಿಯ ಜರ್ಮನ್ ಅಡುಗೆಮನೆಯಲ್ಲಿ ಆ ಹಿಟ್ಟು ಬೆಳಗಾದರೂ ಅಲುಗುವುದಿಲ್ಲ. ಕಸುಬು ಗೊತ್ತಿರುವವರು ತಂದೂರಿನ ಪಕ್ಕದಲ್ಲೋ, ಒಳಗಿನ ದೀಪವನ್ನಷ್ಟೇ ಉರಿಸಿದ ಓವನ್ನಿನಲ್ಲೋ ಇಟ್ಟು ಹಿಟ್ಟನ್ನು ಎಬ್ಬಿಸುತ್ತಾರೆ. ಗೊತ್ತಿಲ್ಲದವರು ಸೋಡಾ ಹಾಕುತ್ತಾರೆ, ಯೀಸ್ಟ್ ಹಾಕುತ್ತಾರೆ, ಇಲ್ಲವೇ ಪೊಟ್ಟಣದ ಮಿಶ್ರಣ ಕಲಸುತ್ತಾರೆ. ಸರಿಯಾಗಿ ಹುದುಗದ ಹಿಟ್ಟಿನ ದೋಸೆ ಕೆಂಪಗಾಗುವುದಿಲ್ಲ. ಸೋಡಾ ಹೆಚ್ಚಾದರೆ ಹಳದಿ ಛಾಯೆ ಬರುತ್ತದೆ, ನಾಲಗೆಯ ಮೇಲೆ ಸಾಬೂನಿನಂಥ ಜಾರು ಉಳಿಯುತ್ತದೆ. ಚೆನ್ನಾಗಿ ಹುದುಗಿದ ದೋಸೆಯನ್ನು ಮುರಿದರೆ ಒಳಮೈಯಲ್ಲಿ ಸಣ್ಣ ಸಣ್ಣ ಕಣ್ಣುಗಳು ಕಾಣುತ್ತವೆ, ಸಣ್ಣಗೆ ಹುಳಿ ಪರಿಮಳ ಬರುತ್ತದೆ.

ಇನ್ನೊಂದು ಕಾರಣ ಕಾವಲಿ. ಗಾಂಧಿ ಬಜಾರಿನಲ್ಲಿ ನೀವು ನೋಡಿರುತ್ತೀರಿ: ದಪ್ಪ ಕಬ್ಬಿಣದ ಕಾವಲಿಗೆ ನೀರು ಚಿಮುಕಿಸಿ, ಚುಂಯ್ ಎಂದ ಮೇಲೆ ಕಡ್ಡಿ ಪೊರಕೆಯಲ್ಲಿ ಗುಡಿಸಿ, ಸಾಲಾಗಿ ಹತ್ತಾರು ದೋಸೆ ಹುಯ್ಯುತ್ತಾರೆ. ಅಷ್ಟು ದಪ್ಪದ ಕಬ್ಬಿಣ ಕಾವನ್ನು ಹಿಡಿದಿಟ್ಟುಕೊಳ್ಳುವುದರಿಂದಲೇ ದೋಸೆಗೆ ಆ ಕೆಂಪು, ಆ ಗರಿ. ಜರ್ಮನಿಯ ಬಹುತೇಕ ಇಂಡಿಯನ್ ಅಡುಗೆಮನೆಗಳಲ್ಲಿರುವುದು ಒಂದು ತಂದೂರು ಮತ್ತು ಐದಾರು ಒಲೆಗಳು. ಅಲ್ಲಿ ದೋಸೆಯನ್ನು ಹುಯ್ಯುವುದು ಬಾಣಲೆಯಲ್ಲಿ. ತಣ್ಣನೆಯ ಹಿಟ್ಟು ಬಿದ್ದೊಡನೆ ತೆಳು ಬಾಣಲೆಯ ಕಾವು ಇಳಿಯುತ್ತದೆ, ದೋಸೆ ಬೇಯುವ ಬದಲು ಒಣಗುತ್ತದೆ. ನೀವು ತಿಂದ ರಟ್ಟು ಅದೇ. ಹೀಗಾಗಿ ಫೋನಿನಲ್ಲಿ ‘ದೋಸೆ ಇದೆಯೇ’ ಎಂದು ಕೇಳಬೇಡಿ. ‘ದೋಸೆ ಕಾವಲಿ ಇದೆಯೇ, ಹಿಟ್ಟು ನೀವೇ ರುಬ್ಬುತ್ತೀರಾ’ ಎಂದು ಕೇಳಿ. ಇದ್ದವರು ಹೆಮ್ಮೆಯಿಂದ ಹೇಳುತ್ತಾರೆ. ಬೆಲೆಯ ವಿಚಾರದಲ್ಲಿ ಮಾತ್ರ ನಾನು ಹೋಟೆಲಿನವರ ಪರ. ಜರ್ಮನಿಯಲ್ಲಿ 2025ರಲ್ಲೇ ಕನಿಷ್ಠ ಕೂಲಿ ಗಂಟೆಗೆ 12.82 ಯೂರೋ ಇತ್ತು. ಹಿಂದಿನ ದಿನವೇ ನೆನೆಸಿ, ರುಬ್ಬಿ, ಕಾದು ಮಾಡಿದ ದೋಸೆಗೆ 14 ಯೂರೋ ಹೆಚ್ಚಲ್ಲ. ನಿಮಗೆ ಅನ್ಯಾಯವಾದದ್ದು ದೋಸೆಯಲ್ಲಿ, ಬೆಲೆಯಲ್ಲಲ್ಲ.

ಯುರೋಪಿನಲ್ಲಿರುವ ನಿಮಗೆ ಒಂದು ಅನುಕೂಲವಿದೆ. ಅಲ್ಲಿನ ಕಾನೂನಿನ ಪ್ರಕಾರ ಅಲರ್ಜಿ ಉಂಟುಮಾಡಬಲ್ಲ 14 ಪದಾರ್ಥಗಳು ಯಾವ ಖಾದ್ಯದಲ್ಲಿವೆ ಎಂದು ಹೋಟೆಲಿನವರು ತಿಳಿಸಲೇಬೇಕು. ಜರ್ಮನಿಯ ಮೆನುಗಳಲ್ಲಿ ಖಾದ್ಯದ ಹೆಸರಿನ ಪಕ್ಕ ಪುಟ್ಟ ಅಕ್ಷರಗಳು, ಅಂಕಿಗಳು ಇರುತ್ತವೆ. ಕೊನೆಯ ಪುಟದಲ್ಲಿ ಅವುಗಳ ಅರ್ಥ. ಇದನ್ನು ಯಾರೂ ಓದುವುದಿಲ್ಲ, ನಾನು ಮೊದಲು ಓದುವುದೇ ಇದನ್ನು. ಆ 14ರಲ್ಲಿ ಸಾಸಿವೆಯೂ ಒಂದು, ಜರ್ಮನ್‌ನಲ್ಲಿ ‘ಜೆನ್ಫ್’. ಸಾಂಬಾರಿನ ಮುಂದೆ ಸಾಸಿವೆಯ ಗುರುತೇ ಇಲ್ಲವೆಂದರೆ, ಒಂದೋ ಅದಕ್ಕೆ ಒಗ್ಗರಣೆ ಇಲ್ಲ, ಇಲ್ಲವೇ ಪಟ್ಟಿ ಮಾಡಿದವರಿಗೆ ತಮ್ಮ ಅಡುಗೆಯೇ ಗೊತ್ತಿಲ್ಲ. ಸಸ್ಯಾಹಾರದ ಎಲ್ಲ ಪಲ್ಯಗಳ ಮುಂದೆಯೂ ಹಾಲು ಮತ್ತು ಗೋಡಂಬಿ ವರ್ಗದ ಗುರುತು ಇದ್ದರೆ ಅವೆಲ್ಲ ಒಂದೇ ಬಿಳಿ ಪಾತ್ರೆಯಿಂದ ಹುಟ್ಟಿದವು. ಕೆಲವಕ್ಕೆ ಇದ್ದು ಕೆಲವಕ್ಕೆ ಇಲ್ಲದಿದ್ದರೆ ಅಲ್ಲಿ ಬೇರೆ ಬೇರೆ ಅಡುಗೆ ನಡೆಯುತ್ತಿದೆ ಎಂದು ಅರ್ಥ. ನಾನ್‌ನ ಮುಂದೆ ಮೊಟ್ಟೆಯ ಗುರುತಿದೆಯೇ ಎಂದೂ ನೋಡಿ, ಹಿಟ್ಟಿಗೆ ಮೊಟ್ಟೆ ಹಾಕುವ ಅಡುಗೆಮನೆಗಳಿವೆ. ‘ಫಾರ್ಬ್‌ಷ್ಟೋಫ್’ ಎಂದರೆ ಸೇರಿಸಿದ ಬಣ್ಣ. ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದೆಂದು ಆದೇಶ ಹೊರಡಿಸಿದ್ದು ನಿಮಗೆ ನೆನಪಿರಬಹುದು. ಜರ್ಮನಿಯಲ್ಲಿ ಬಣ್ಣ ಹಾಕಿದ್ದರೆ ಬರೆದು ತಿಳಿಸಬೇಕು. ಬಣ್ಣದ ಗುರುತು ಮೆನುವಿನ ತುಂಬ ಕಂಡರೆ ನಾನು ಎದ್ದು ಬರುತ್ತೇನೆ. ಈ ಗುರುತುಗಳಿಂದ ತಿಳಿಯದ ಒಂದು ಸಂಗತಿ ಎಣ್ಣೆ. ಪಕೋಡವೂ ಕೋಳಿಯೂ ಒಂದೇ ಎಣ್ಣೆಯಲ್ಲಿ ಕರಿಯಲ್ಪಡುವುದು ಸಾಮಾನ್ಯ. ನಿಮಗೆ ಅದು ಮುಖ್ಯವಾದರೆ ನೇರವಾಗಿ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಈಗ ಒಳ್ಳೆಯ ಅಡುಗೆಮನೆಯನ್ನು ಕಂಡುಹಿಡಿಯುವ ದಾರಿ. ನನ್ನ ಮಟ್ಟಿಗೆ ಎಲ್ಲಕ್ಕಿಂತ ನಂಬಿಕಸ್ತ ಮಾಹಿತಿ ಸಿಗುವುದು ದಿನಸಿ ಅಂಗಡಿಯಲ್ಲಿ. ಜರ್ಮನಿಯ ಊರುಗಳಲ್ಲಿ ಇಡ್ಲಿ ಅಕ್ಕಿ, ನುಗ್ಗೆಕಾಯಿ ಮಾರುವ ಅಂಗಡಿಗಳಲ್ಲಿ ಎಷ್ಟೋ ಶ್ರೀಲಂಕಾದ ತಮಿಳರವು. 1983ರ ನಂತರ ಯುದ್ಧದಿಂದ ತಪ್ಪಿಸಿಕೊಂಡು ಬಂದು ನೆಲೆ ನಿಂತವರು ಅವರು. ಹಾಮ್ ಎಂಬ ಊರಿನಲ್ಲಿ 2002ರಲ್ಲಿ ಗೋಪುರ ಎದ್ದ ಕಾಮಾಕ್ಷಿ ದೇವಾಲಯ ಕಟ್ಟಿದವರೂ ಅವರೇ. ಅಂಗಡಿಯಲ್ಲಿ ಸಾಮಾನು ಕೊಂಡು, ಹಣ ಕೊಡುವಾಗ ಒಂದು ಪ್ರಶ್ನೆ ಕೇಳಿ: ‘ಉದ್ದಿನಬೇಳೆಯನ್ನು ಮೂಟೆಗಟ್ಟಲೆ ಒಯ್ಯುವ ಹೋಟೆಲು ಯಾವುದು?’ ಮೂಟೆಗಟ್ಟಲೆ ಉದ್ದು ಒಯ್ಯುವವರು ಹಿಟ್ಟು ರುಬ್ಬುತ್ತಾರೆ, ಪೊಟ್ಟಣ ಕಲಸುವವರಿಗೆ ಉದ್ದು ಬೇಕಿಲ್ಲ. ವಾರಕ್ಕೊಮ್ಮೆ ಕರಿಬೇವಿನ ಕಟ್ಟುಗಳನ್ನು ಯಾರು ಕಾದಿರಿಸುತ್ತಾರೆ ಎಂದೂ ವಿಚಾರಿಸಿ. ಯುರೋಪಿನಲ್ಲಿ ಹಸಿ ಕರಿಬೇವು ಬಲು ದುಬಾರಿ. ಅದಕ್ಕೆ ಹಣ ಕೊಡುವವರು ರುಚಿಗೆ ಬೆಲೆ ಕೊಡುವವರು. ಅಂಗಡಿಯ ಮೂಲೆಯಲ್ಲೇ ಇಡಿಯಪ್ಪ, ದೋಸೆ ಮಾಡಿಕೊಡುವ ಪುಟ್ಟ ಒಲೆ ಇದ್ದರೆ ಅಲ್ಲಿಯೇ ಕುಳಿತು ತಿಂದು ನೋಡಿ. ಸಾಂಬಾರು ನಮ್ಮ ಬೆಲ್ಲದ ಸಾಂಬಾರಿನಂತೆ ಇರುವುದಿಲ್ಲ, ಆದರೆ ಅದು ಒಂದು ಮನೆಯ ಸಾಂಬಾರು.

ಬೇರೆ ಊರುಗಳಲ್ಲಿರುವ ಓದುಗರಿಗಾಗಿ ಒಂದೆರಡು ಮಾತು. ಲಂಡನ್ನಿನಲ್ಲಿ ಈಸ್ಟ್ ಹ್ಯಾಮ್ ಮತ್ತು ಟೂಟಿಂಗ್ ಕಡೆ ತಮಿಳು ಅಡುಗೆ, ಯೂಸ್ಟನ್ ನಿಲ್ದಾಣದ ಬಳಿಯ ಡ್ರಮಂಡ್ ಸ್ಟ್ರೀಟಿನಲ್ಲಿ ಸಸ್ಯಾಹಾರ. ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿ ಗಣೇಶ ದೇವಸ್ಥಾನದ ನೆಲಮಾಳಿಗೆಯ ಕ್ಯಾಂಟೀನಿನ ದೋಸೆಗೆ ದೂರದಿಂದ ಜನ ಬರುತ್ತಾರೆ. ಸಿಂಗಪುರದ ಸೆರಂಗೂನ್ ರಸ್ತೆಯಲ್ಲಿ 1947ರಿಂದ ಕೋಮಲ ವಿಲಾಸ್ ಇದೆ, ಈಗ ನಮ್ಮ ಎಂಟಿಆರ್ ಕೂಡ ಇದೆ. ಪ್ಯಾರಿಸ್‌ನಲ್ಲಾದರೆ ಲಾ ಶಾಪೆಲ್ ಕಡೆ ಹೋಗಿ. ದೇವಸ್ಥಾನ, ದಿನಸಿ ಅಂಗಡಿ, ಹೋಟೆಲು ಈ ಮೂರೂ ಒಂದೇ ಬೀದಿಯಲ್ಲಿ ಸಿಕ್ಕರೆ ಆ ಬೀದಿಯನ್ನು ಬಿಡಬೇಡಿ.

ಒಳ್ಳೆಯ ಹೋಟೆಲು ಒಂದು ವರ್ಷದೊಳಗೆ ಕೆಟ್ಟುಹೋಯಿತು ಎಂಬ ದೂರನ್ನೂ ನಾನು ಬಹಳ ಕೇಳಿದ್ದೇನೆ. ಅದಕ್ಕೂ ಕಾರಣವಿದೆ. ನಾನು ತಯಾರು ಮಾಡಿ ಜರ್ಮನಿಗೆ ಕಳುಹಿಸಿದ ಅಡುಗೆಯವರೆಲ್ಲ ಹೋದದ್ದು ವಿಶೇಷ ಅಡುಗೆಯವರಿಗೆಂದೇ ಇರುವ ಪರವಾನಗಿಯ ಮೇಲೆ. ಅದರ ಅವಧಿ ಗರಿಷ್ಠ ನಾಲ್ಕು ವರ್ಷ. ಆ ಊರಿನ ನೀರು, ಹಿಟ್ಟು, ಒಲೆ ಕೈಗೆ ಹತ್ತುವ ಹೊತ್ತಿಗೆ ಹೊರಡುವ ದಿನ ಬರುತ್ತದೆ. ಫಲಕ ಅದೇ, ಅಂಕ ಅದೇ, ಕೈ ಬೇರೆ. ಹಾಗಾಗಿ ಎರಡು ವರ್ಷ ಹಳೆಯ ಹೊಗಳಿಕೆಯನ್ನು ನಂಬಬೇಡಿ, ಕಳೆದ ಎರಡು ಮೂರು ತಿಂಗಳದ್ದನ್ನು ಮಾತ್ರ ಓದಿ.

ಫ್ರಾಂಕ್‌ಫರ್ಟ್ ಬಳಿ ನಾನಿದ್ದ ಒಂದು ಹೋಟೆಲಿನ ಸಂಗತಿ ಹೇಳುತ್ತೇನೆ. ಮಾಲೀಕರು ಪಂಜಾಬಿನವರು, ಮೆನುವಿನಲ್ಲಿ 130 ಬಗೆ. ಅಡುಗೆಯವರಲ್ಲಿ ಒಬ್ಬರು ಕುಂದಾಪುರದ ಕಡೆಯವರು. ಇಡೀ ದಿನ ಶಾಹಿ ಪನೀರು ಮಾಡುತ್ತಿದ್ದ ಅವರು ಮಧ್ಯಾಹ್ನ ಮೂರೂವರೆಗೆ, ಗಿರಾಕಿಗಳೆಲ್ಲ ಹೋದ ಮೇಲೆ, ತಮಗಾಗಿ ಕುಚ್ಚಲಕ್ಕಿ ಗಂಜಿ ಬೇಯಿಸಿಕೊಳ್ಳುತ್ತಿದ್ದರು. ಒಣಮೆಣಸಿನಕಾಯಿಯನ್ನು ತಂದೂರಿನ ಬಾಯಲ್ಲಿ ಸುಟ್ಟು, ಕಾಯಿತುರಿ, ಹುಣಿಸೆಹಣ್ಣು ಸೇರಿಸಿ ಚಟ್ನಿ ರುಬ್ಬುತ್ತಿದ್ದರು. ಆ ಸುಟ್ಟ ಮೆಣಸಿನ ಘಾಟು ಹಿಂದಿನ ಬಾಗಿಲಿನಿಂದ ಬೀದಿಗೆ ಹೋಗುತ್ತಿತ್ತು. ಒಂದು ದಿನ ಆ ವಾಸನೆ ಹಿಡಿದು ಇಬ್ಬರು ಕನ್ನಡದ ಹುಡುಗರು ಹಿಂಬಾಗಿಲಿಗೇ ಬಂದು, ‘ಅಣ್ಣಾ, ಇದು ಮೆನುವಿನಲ್ಲಿ ಎಲ್ಲಿದೆ’ ಎಂದು ಕೇಳಿದರು. ಅವರು ಏನೂ ಹೇಳದೆ ಎರಡು ಬಟ್ಟಲು ಗಂಜಿ ಬಡಿಸಿದರು. ಆಮೇಲೆ ಮಾಲೀಕರನ್ನು ಒಪ್ಪಿಸಿ, ಗಿರಾಕಿ ಕಡಿಮೆ ಇರುವ ಮಂಗಳವಾರಗಳಂದು ಮೊದಲೇ ಹೇಳಿಟ್ಟವರಿಗೆ ಊರಿನ ಊಟ ಶುರು ಮಾಡಿದೆವು: ಹುರುಳಿ ಸಾರು, ಪಲ್ಯ, ಗಂಜಿ, ಚಟ್ನಿ. ಮೆನುವಿನಲ್ಲಿ ಅದು ಕೊನೆಯವರೆಗೂ ಬರಲಿಲ್ಲ. ಕೇಳಿದವರಿಗೆ ಸಿಗುತ್ತಿತ್ತು.

ನೀವೂ ಹೀಗೆಯೇ ಮಾಡಿ. ಜನ ಕಡಿಮೆ ಇರುವ ಹೊತ್ತಿನಲ್ಲಿ ಹೋಗಿ, ಬಡಿಸುವವರ ಮೂಲಕ ಅಡುಗೆಯವರಿಗೆ ನಮಸ್ಕಾರ ಹೇಳಿ ಕಳುಹಿಸಿ, ‘ನೀವು ಯಾವ ಊರಿನವರು, ನಿಮಗಾಗಿ ಏನು ಮಾಡಿಕೊಳ್ಳುತ್ತೀರಿ’ ಎಂದು ಕೇಳಿ. ಪಂಜಾಬಿನವರಾದರೆ ದಾಲ್ ತಡ್ಕಾ ಮತ್ತು ತಂದೂರಿ ರೊಟ್ಟಿ, ಸಿಕ್ಕರೆ ಕಢಿ. ನೇಪಾಳದವರಾದರೆ ದಾಲ್ ಭಾತ್ ಕೇಳಿ, ಮನಸ್ಸಿಟ್ಟು ಮಾಡುತ್ತಾರೆ. ಮೊದಲ ಭೇಟಿಯಲ್ಲಿ ಮಸಾಲೆ ದೋಸೆ ಬೇಡ. ಉತ್ತರದ ಅಡುಗೆಮನೆಯಾದರೆ ಬೇಳೆ, ನಮ್ಮ ಕಡೆಯದಾದರೆ ಇಡ್ಲಿ ಸಾಂಬಾರು. ಇವೆರಡರಲ್ಲಿ ಕೆನೆಯಡಿ, ಗೋಡಂಬಿಯಡಿ ಬಚ್ಚಿಡುವುದಕ್ಕೆ ಏನೂ ಇರುವುದಿಲ್ಲ.

ಇನ್ನು ನಿಮ್ಮ ತಂದೆ ತಾಯಿಯವರ ವಿಷಯ. ಈರುಳ್ಳಿ, ಬೆಳ್ಳುಳ್ಳಿ ಬೇಡವೆಂದರೆ ‘ಹಾಕುವುದಿಲ್ಲ’ ಎಂದು ಧಾರಾಳವಾಗಿ ಒಪ್ಪಿಕೊಳ್ಳುತ್ತಾರೆ. ಆದರೆ ಬೆಳಿಗ್ಗೆಯೇ ಮಾಡಿಟ್ಟ ಗ್ರೇವಿಯಲ್ಲಿ ಅವೆರಡೂ ಆಗಲೇ ಸೇರಿಹೋಗಿರುತ್ತವೆ, ತೆಗೆಯಲು ಬರುವುದಿಲ್ಲ. ಆದ್ದರಿಂದ ಗ್ರೇವಿಯನ್ನೇ ಮುಟ್ಟದ ಪದಾರ್ಥ ಕೇಳಬೇಕು. ಬೇಳೆಯನ್ನು ಸಾಮಾನ್ಯವಾಗಿ ಅರಿಸಿನ, ಉಪ್ಪು ಹಾಕಿಯೇ ಬೇಯಿಸಿಡುತ್ತಾರೆ, ಬೆಳ್ಳುಳ್ಳಿ ಬರುವುದು ಒಗ್ಗರಣೆಯಲ್ಲಿ. ‘ಬರೀ ಜೀರಿಗೆ ಒಗ್ಗರಣೆ’ ಎಂದರೆ ಕೆಲಸವಾಗುತ್ತದೆ. ಜೀರಾ ಆಲೂ, ಜೀರಾ ರೈಸ್, ಮೊಸರು ಸರಿಹೋಗುತ್ತವೆ. ತಂದೆಯವರಿಗೆ ಕೆನೆಯ ಗ್ರೇವಿ, ಮೈದಾದ ನಾನ್, ಲಸ್ಸಿ ಒಟ್ಟಿಗೆ ಬೇಡ. ಬೇಳೆ, ತಂದೂರಿ ರೊಟ್ಟಿ, ಸೌತೆಕಾಯಿ ಇಷ್ಟು ಸಾಕು. ರೊಟ್ಟಿ ಗೋಧಿ ಹಿಟ್ಟಿನದೇ ಎಂದು ಕೇಳಿ ತಿಳಿಯಿರಿ, ಅದರಲ್ಲೂ ಮೈದಾ ಬೆರೆಸುವವರಿದ್ದಾರೆ. ಊಟದ ಹೊತ್ತು ಬದಲಾಗುವುದರಿಂದ ಮಾತ್ರೆಯ ವೇಳೆಯ ಬಗ್ಗೆ ಹೊರಡುವ ಮುಂಚೆಯೇ ಅವರ ವೈದ್ಯರನ್ನು ಕೇಳಿಕೊಂಡು ಬರಲಿ. ಮಧ್ಯಾಹ್ನದ ಬಫೆಗೆ ಕರೆದೊಯ್ಯುವುದಾದರೆ ಹನ್ನೆರಡಕ್ಕೆ ಹೋಗಿ, ಎರಡು ಗಂಟೆಗಲ್ಲ. ಉಗುರು ಬೆಚ್ಚಗಿರುವ ಅನ್ನ, ಬೆಳಿಗ್ಗೆಯಿಂದ ಹೊರಗಿಟ್ಟ ಕಾಯಿ ಚಟ್ನಿ ವಯಸ್ಸಾದವರ ಹೊಟ್ಟೆಗೆ ಆಗದು.

ಮನೆಯಡುಗೆ ಮಾರುವವರ ಬಗ್ಗೆ ನೇರವಾಗಿ ಹೇಳುತ್ತೇನೆ. ರುಚಿಯಲ್ಲಿ ಅವರನ್ನು ಮೀರಿಸುವ ಹೋಟೆಲು ನಿಮಗೆ ಸಿಗದೇ ಇರಬಹುದು. ಆದರೆ ಜರ್ಮನಿಯಲ್ಲಿ ಆಹಾರ ಮಾಡಿ ಮಾರುವವರು ವ್ಯಾಪಾರವನ್ನು ನೋಂದಾಯಿಸಬೇಕು, ಆರೋಗ್ಯ ಇಲಾಖೆಯ ತಿಳಿವಳಿಕೆ ಪಡೆದ ಪ್ರಮಾಣಪತ್ರ ಇಟ್ಟುಕೊಂಡಿರಬೇಕು. ಅವೆರಡೂ ಇವೆಯೇ ಎಂದು ಮರ್ಯಾದೆಯಿಂದ ಕೇಳಿ. ಇದ್ದವರು ಬೇಸರಪಡುವುದಿಲ್ಲ. ಇಲ್ಲದಿದ್ದರೆ ಏನಾದರೂ ಹೆಚ್ಚುಕಡಿಮೆಯಾದಾಗ ಹೊಣೆ ಹೊರುವವರು ಯಾರೂ ಇರುವುದಿಲ್ಲ, ಸಿಕ್ಕಿಬಿದ್ದರೆ ಮಾರಿದವರಿಗೇ ದಂಡ. ನೋಂದಣಿ ಇರುವವರಿಂದ ತರುವಾಗಲೂ ಬಿಸಿ ಇರುವಾಗಲೇ ತನ್ನಿ, ಅಂದೇ ತಿಂದು ಮುಗಿಸಿ. ಮೂರು ತಿಂಗಳು ದಿನವೂ ತರಿಸುವುದಕ್ಕಿಂತ, ವಾರಕ್ಕೆ ಎರಡು ದಿನ ಸಾರು, ಪಲ್ಯ ತರಿಸಿ ಅನ್ನ ಮನೆಯಲ್ಲೇ ಮಾಡಿಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ನಿಮ್ಮ ಊರಿನ ಕನ್ನಡ ಕೂಟವನ್ನೂ ವಿಚಾರಿಸಿ. ಫ್ರಾಂಕ್‌ಫರ್ಟ್ ಸುತ್ತ ರೈನ್ ಮೈನ್ ಕನ್ನಡ ಸಂಘವಿದೆ. ಯುಗಾದಿ, ರಾಜ್ಯೋತ್ಸವಕ್ಕೆ ಎಲೆಯೂಟ ಮಾಡುವ ಕೈ ಯಾವುದೆಂದು ಇಂಥ ಸಂಘದವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಕೊನೆಯದಾಗಿ, ತಾಯಿಯವರು ಈಗಾಗಲೇ ಡಬ್ಬಿ ತುಂಬಿಸುತ್ತಿರಬಹುದು. ತುಪ್ಪ, ಕೋವಾ ಬೇಡವೆಂದು ಇಂದೇ ಫೋನ್ ಮಾಡಿ ಹೇಳಿ. ಯುರೋಪ್ ಒಕ್ಕೂಟದೊಳಗೆ ಹೊರಗಿನ ದೇಶದ ಹಾಲಿನ ಉತ್ಪನ್ನಗಳನ್ನು ಪ್ರಯಾಣಿಕರು ತರುವಂತಿಲ್ಲ, ಸುಂಕದವರು ಕಂಡರೆ ಎಸೆಯುತ್ತಾರೆ. 2019ರ ಡಿಸೆಂಬರ್‌ನಿಂದ ಹಸಿ ಸೊಪ್ಪು, ತರಕಾರಿ, ಹಣ್ಣುಗಳಿಗೆ, ಬಾಳೆ, ತೆಂಗಿನಕಾಯಿಯಂಥ ಕೆಲವನ್ನು ಬಿಟ್ಟು, ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಹಾಗಾಗಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಕರಿಬೇವೂ ಬೇಡ. ಸಾರಿನ ಪುಡಿ, ಹುಳಿಪುಡಿ, ಬಿಸಿಬೇಳೆಬಾತಿನ ಪುಡಿ, ಬ್ಯಾಡಗಿ ಮೆಣಸಿನಕಾಯಿ ಇವನ್ನು ಒಣಗಿಸಿ, ಹುರಿದು, ಭದ್ರವಾಗಿ ಮುಚ್ಚಿ, ಮೇಲೆ ಹೆಸರು ಬರೆದು ತರಲಿ. ಒಂದು ಡಬ್ಬಿ ಹೆಚ್ಚಿಗೇ ಇರಲಿ. ನಿಮಗೆ ಹಿಡಿಸಿದ ಅಡುಗೆಯವರು ಸಿಕ್ಕರೆ ಅವರಿಗೆ ಕೊಡಿ, ಮುಂದಿನ ವಾರ ಅದರಲ್ಲೇ ನಿಮಗೊಂದು ಸಾರು ಮಾಡಿಕೊಡುತ್ತಾರೆ.